ಬೀಗದ ಕೈ ಯಾರಿಗೆ, ಎಷ್ಟು ದಿನಕ್ಕೆ? ಪಾಸ್‌ವರ್ಡ್ ಮ್ಯಾನೇಜರ್‌ಗೆ ತುರ್ತು ಪ್ರವೇಶ ಕೊಡುವ ದಾರಿಗಳ ಹೋಲಿಕೆ

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಐಸಿಯು ಹೊರಗಿನ ಬೆಂಚಿನ ಮೇಲೆ ಅಕ್ಕ ಭಾವನ ಫೋನ್ ಹಿಡಿದು ಕೂತಿದ್ದಳು. ಬೈಕ್ ಅಪಘಾತವಾಗಿ ಭಾವ ಪ್ರಜ್ಞೆಯಿಲ್ಲದೆ ಒಳಗಿದ್ದರು. ರಾತ್ರಿಯೇ ಚಾರ್ಜ್ ಮುಗಿದು ಫೋನ್ ಆಫ್ ಆಗಿತ್ತು. ಪಕ್ಕದ ಬೆಂಚಿನವರ ಚಾರ್ಜರ್ ಇಸಿದುಕೊಂಡು ಆನ್ ಮಾಡಿದರೆ ಪಿನ್ ಕೇಳಿತು. ಭೇಟಿಯ ಹೊತ್ತಿನಲ್ಲಿ ಅಕ್ಕ ಒಳಗೆ ಹೋಗಿ ಭಾವನ ಹೆಬ್ಬೆರಳು ಒತ್ತಿಸಿ ನೋಡಿದಳು. ಆಫ್ ಆಗಿ ಆನ್ ಆದ ಫೋನ್ ಮೊದಲ ಸಲ ಬೆರಳಿಗೆ ತೆರೆಯುವುದಿಲ್ಲ, ಪಿನ್ನೇ ಬೇಕು ಎಂಬುದು ನಮಗೆ ಗೊತ್ತಾಗಿದ್ದು ಆವತ್ತು. ಇತ್ತ ಕೆಳಗಿನ ಇನ್ಶೂರೆನ್ಸ್ ಕೌಂಟರಿನವರು ಪಾಲಿಸಿಯ ಇ-ಕಾರ್ಡ್ ಕೇಳುತ್ತಿದ್ದರು. ಅದು ಇದ್ದದ್ದು ಭಾವನ ಮೇಲ್‌ನಲ್ಲಿ. ಮೇಲ್‌ನ ಪಾಸ್‌ವರ್ಡ್ ಇದ್ದದ್ದು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಬೀಗದಡಿ ಇಡುವ ಆ್ಯಪ್‌ನಲ್ಲಿ. ಅದನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಇದ್ದದ್ದು ಭಾವನ ತಲೆಯಲ್ಲಿ ಮಾತ್ರ.

11ನೇ ದಿನ ಭಾವ ಕಣ್ಣು ಬಿಟ್ಟರು. 16ನೇ ದಿನ ಪಿನ್ ಹೇಳುವಷ್ಟು ಮಾತು ಬಂತು. ಅಷ್ಟರಲ್ಲಿ ಅಕ್ಕ ಬಳೆ ಅಡವಿಟ್ಟು ಅಡ್ವಾನ್ಸ್ ಕಟ್ಟಿಯಾಗಿತ್ತು. ಭಾವ ಈಗ ಓಡಾಡಿಕೊಂಡು ಚೆನ್ನಾಗಿದ್ದಾರೆ. ಅವರು ಅಜಾಗರೂಕ ಮನುಷ್ಯರಲ್ಲ. ನಮ್ಮ ಮನೆಯಲ್ಲಿ ಪ್ರತಿ ಖಾತೆಗೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟಿದ್ದವರು ಅವರೊಬ್ಬರೇ. ಅಷ್ಟು ಭದ್ರ ಮಾಡಿದವರು ಇನ್ನೊಬ್ಬರಿಗೆ ಒಂದು ಬಾಗಿಲು ಇಟ್ಟಿರಲಿಲ್ಲ, ಅಷ್ಟೆ.

ಆ ಬಾಗಿಲು ಇಡುವ ದಾರಿಗಳು ಹಲವು. ಒಂದೊಂದನ್ನೂ ಆ 16 ದಿನಗಳ ಪಕ್ಕದಲ್ಲಿಟ್ಟು ನೋಡಿದ್ದೇನೆ. ಯಾವ ಆ್ಯಪ್ ದೊಡ್ಡದು ಎಂಬುದಕ್ಕಿಂತ, ಬಾಗಿಲು ಎಷ್ಟು ದಿನಕ್ಕೆ ತೆರೆಯುತ್ತದೆ, ತೆರೆಯಲು ಇನ್ನೇನು ಬೇಕು ಎಂಬುದೇ ನನಗೆ ಮುಖ್ಯವಾಗಿ ಕಂಡಿದ್ದು.

ಎಂಥ ತುರ್ತು?

ಈ ಮಾತು ಎತ್ತಿದ ಕೂಡಲೇ ಎಲ್ಲರಿಗೂ ಸಾವಿನ ಯೋಚನೆ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. 'ಬಿಡ್ತು ಅನ್ನು' ಎಂದು ಅಮ್ಮ ಬಾಯಿ ಮುಚ್ಚಿಸುತ್ತಾಳೆ. ಆದರೆ ಹೆಚ್ಚು ಮನೆಗಳಿಗೆ ಮೊದಲು ಬರುವುದು ಭಾವನಿಗೆ ಬಂದಂಥ ಹೊತ್ತು: ಮನುಷ್ಯ ಬದುಕಿದ್ದಾನೆ, ಮಾತಾಡಲಾರ. ಇನ್ನೊಂದು, ವಯಸ್ಸಾದ ತಂದೆತಾಯಿ ಮಾಸ್ಟರ್ ಪಾಸ್‌ವರ್ಡ್ ಮರೆಯುವುದು. ಮೂರನೆಯದು ಸಾವು. ಸಾವಿನ ಕೆಲಸಕ್ಕೆ ಒಂದು ತಿಂಗಳು ತಡವಾದರೂ ನಡೆಯುತ್ತದೆ. ಐಸಿಯು ಮುಂದೆ ಮೂರನೇ ದಿನಕ್ಕೇ ಬೇಕು. ಮರೆವಿಗೆ ಬೇಕಾದದ್ದು ಬೇರೆಯವರ ಪ್ರವೇಶ ಅಲ್ಲ, ತಮ್ಮದೇ ಖಾತೆಗೆ ಮರಳುವ ದಾರಿ. ಒಂದೇ ವ್ಯವಸ್ಥೆ ಮೂರಕ್ಕೂ ಒದಗುವುದು ಅಪರೂಪ.

ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯ ಹತ್ತಿರ ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಇರುವುದೇ ಇಲ್ಲ. ಮರಣ ಪ್ರಮಾಣಪತ್ರ ತೋರಿಸಿ ಬೇಡಿಕೊಂಡರೂ ಅವರು ವಾಲ್ಟ್ (ನಿಮ್ಮ ಪಾಸ್‌ವರ್ಡ್‌ಗಳಿರುವ ಬೀಗ ಹಾಕಿದ ಪೆಟ್ಟಿಗೆ) ತೆರೆದು ಕೊಡಲಾರರು. ಆದ್ದರಿಂದ ಏರ್ಪಾಡು ನಾವು ಚೆನ್ನಾಗಿರುವಾಗಲೇ ಆಗಬೇಕು.

ಬಿಟ್‌ವಾರ್ಡನ್: ಕಾಯುವ ಅವಧಿಯ ದಾರಿ

ನಾನು ಕೊನೆಗೆ ಆರಿಸಿಕೊಂಡ ಪಾಸ್‌ವರ್ಡ್ ಮ್ಯಾನೇಜರ್ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪ್ರವೇಶ ಕೊಡುವವರು ಹಣ ಕಟ್ಟಿದ ಪ್ಲಾನ್‌ನಲ್ಲಿರಬೇಕು, ಪಡೆಯುವವರಿಗೆ ಉಚಿತ ಖಾತೆ ಸಾಕು. ಯಾರಿಗೆ ಎಂದು ನೀವು ಹೇಳುತ್ತೀರಿ, 1 ದಿನದಿಂದ 90 ದಿನದವರೆಗೆ ಒಂದು ಅವಧಿ ಆರಿಸುತ್ತೀರಿ. ತುರ್ತು ಬಂದಾಗ ಅವರು ತಮ್ಮ ಖಾತೆಯಿಂದಲೇ ಪ್ರವೇಶ ಕೇಳುತ್ತಾರೆ. ನಿಮಗೆ ಮೇಲ್ ಬರುತ್ತದೆ. ನೀವು ಒಪ್ಪಿದರೆ ತಕ್ಷಣ ತೆರೆಯುತ್ತದೆ, ಬೇಡವೆಂದರೆ ಮುಚ್ಚುತ್ತದೆ, ಸುಮ್ಮನಿದ್ದರೆ ಅವಧಿ ಮುಗಿದ ಮೇಲೆ ತಾನಾಗಿ ತೆರೆಯುತ್ತದೆ. ನಿಮ್ಮ ಮೌನವನ್ನೇ ಒಪ್ಪಿಗೆ ಎಂದು ತಿಳಿಯುವ ವ್ಯವಸ್ಥೆ ಇದು.

ಹಾಗಾದರೆ ಎಷ್ಟು ದಿನ? ಭಯಕ್ಕೆ 30 ದಿನ ಇಡುವವರಿದ್ದಾರೆ. ಭಾವ 30 ದಿನ ಇಟ್ಟಿದ್ದರೆ, ಅವರು ಮನೆಗೆ ಬಂದು ವಾಕರ್ ಹಿಡಿದು ನಡೆಯಲು ಶುರು ಮಾಡಿದ ಮೇಲೆ ಬಾಗಿಲು ತೆರೆಯುತ್ತಿತ್ತು. 1 ದಿನ ಇಟ್ಟರೆ, ನೀವು ಕುಮಾರ ಪರ್ವತ ಹತ್ತಲು ಹೋಗಿ ಎರಡು ದಿನ ಸಿಗ್ನಲ್ ಇಲ್ಲದಾಗ ಯಾರಾದರೂ ಕೇಳಿದರೆ ನಿಮಗೆ ತಡೆಯಲು ಆಗುವುದಿಲ್ಲ. ಆರೋಗ್ಯವಾಗಿದ್ದೂ ಮೇಲ್ ನೋಡದೆ ನೀವು ಅತಿ ಹೆಚ್ಚೆಂದರೆ ಎಷ್ಟು ದಿನ ಇರುತ್ತೀರಿ? ಅವಧಿ ಅದಕ್ಕಿಂತ ಒಂದಿಷ್ಟು ಹೆಚ್ಚಿರಲಿ, ಬಹಳ ಬೇಡ. ಒಂದೇ ಸೂರಿನಡಿ ಇರುವ ಗಂಡ-ಹೆಂಡತಿಗೆ 2 ದಿನ ಸಾಕು. ಬೇರೆ ಊರಿನ ತಮ್ಮನಿಗೋ ಗೆಳತಿಗೋ 7 ದಿನ. 90 ದಿನ ಯಾರಿಗೂ ಬೇಡ ಎನ್ನುತ್ತೇನೆ. ಅದಕ್ಕೆ ಕಾರಣ ಸಿಮ್‌ನ ಮಾತು ಬಂದಾಗ ಹೇಳುತ್ತೇನೆ.

ಒಳಗೆ ನಡೆಯುವುದನ್ನೂ ತಿಳಿದಿದ್ದರೆ ನಂಬಿಕೆ ಎಲ್ಲಿಡಬೇಕು ಎಂಬುದು ಗೊತ್ತಾಗುತ್ತದೆ. ನಾನು ಹೆಸರಿಸಿದ್ದು ಅಕ್ಕನನ್ನು, 7 ದಿನದ ಅವಧಿಗೆ. ಅಕ್ಕನ ಖಾತೆಗೆ ಎರಡು ಕೀ ಇರುತ್ತವೆ, ಒಂದು ಸಾರ್ವಜನಿಕ, ಒಂದು ಗುಟ್ಟಿನದು. ನನ್ನ ವಾಲ್ಟಿನ ಕೀಯನ್ನು ನನ್ನ ಕಂಪ್ಯೂಟರ್ ಅಕ್ಕನ ಸಾರ್ವಜನಿಕ ಕೀಯಿಂದ ಮುದ್ರೆ ಹಾಕಿ ಸರ್ವರ್‌ಗೆ ಕಳಿಸುತ್ತದೆ. ಆ ಮುದ್ರೆ ಒಡೆಯುವುದು ಅಕ್ಕನ ಗುಟ್ಟಿನ ಕೀಯಿಂದ ಮಾತ್ರ, ಕಂಪನಿಗೂ ಆಗದು. ಆದರೆ 7 ದಿನ ಕಾಯಿಸುವ ಕೆಲಸ ಮಾತ್ರ ಸರ್ವರ್‌ನದು. ಅವಧಿ ಮುಗಿಯುವವರೆಗೆ ಆ ಪೊಟ್ಟಣವನ್ನು ಅಕ್ಕನ ಕೈಗೆ ಕೊಡದೆ ತಡೆದು ನಿಲ್ಲಿಸುವುದು ಅದೇ.

ಮುದ್ರೆ ಹಾಕುವ ಕೆಲಸ ಆಗುವುದು ಮೂರನೇ ಹೆಜ್ಜೆಯಲ್ಲಿ, ಜನ ಎಡವುವುದೂ ಅಲ್ಲೇ. ನೀವು ಆಹ್ವಾನ ಕಳಿಸಬೇಕು, ಅವರು ಒಪ್ಪಬೇಕು, ಆಮೇಲೆ ನೀವು ಮತ್ತೆ ಒಳಗೆ ಹೋಗಿ ಅವರನ್ನು ದೃಢಪಡಿಸಬೇಕು. ಮೊದಲೆರಡು ಮಾಡಿ 'ಆಯಿತು' ಎಂದು ಎದ್ದು ಹೋದರೆ ಏನೂ ಆಗಿರುವುದಿಲ್ಲ. ದೃಢಪಡಿಸುವಾಗ ತೆರೆಯ ಮೇಲೆ ಐದು ಇಂಗ್ಲಿಷ್ ಪದಗಳ ಒಂದು ಸಾಲು ಬರುತ್ತದೆ. ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ, ಅಕ್ಕ ಹುಬ್ಬಳ್ಳಿಯಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಫೋನ್ ಒರಗಿಸಿಕೊಂಡು. ಅವಳು ತನ್ನ ತೆರೆಯ ಐದು ಪದಗಳನ್ನು ಅಕ್ಷರ ಅಕ್ಷರ ಬಿಡಿಸಿ ಓದಿದಳು, ನಾನು ನನ್ನ ತೆರೆಯಲ್ಲಿ ಒಂದೊಂದಕ್ಕೂ ಬೆರಳಿಟ್ಟು ನೋಡಿದೆ. ಐದೂ ಕೂಡಿಬಂದರೆ ನಡುವೆ ಬೇರೆ ಯಾರೂ ಇಲ್ಲ ಎಂದು ಅರ್ಥ. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಕೊಡುವ ಪ್ರವೇಶದಲ್ಲಿ ಎರಡು ಬಗೆ ಇವೆ. ಒಂದು, ನೋಡುವುದು ಮಾತ್ರ. ಇನ್ನೊಂದು, ಖಾತೆಯನ್ನೇ ವಶಕ್ಕೆ ತೆಗೆದುಕೊಳ್ಳುವುದು: ಅವರು ಹೊಸ ಮಾಸ್ಟರ್ ಪಾಸ್‌ವರ್ಡ್ ಇಡುತ್ತಾರೆ, ನಿಮ್ಮ ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವುದು) ಕೂಡ ತೆಗೆದುಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ನೋಡುವುದಷ್ಟೇ ಸಾಕು. ಮನೆಯವರಿಗೆ ಬೇಕಾಗಿರುವುದು ಏನೇನಿದೆ, ಎಲ್ಲೆಲ್ಲಿದೆ ಎಂಬ ಪಟ್ಟಿ. ಐಸಿಯುನಿಂದ ಎದ್ದು ಬಂದವರಿಗೆ ತಮ್ಮದೇ ಖಾತೆಯ ಬೀಗ ಬದಲಾಗಿರುವುದು ಯಾಕೆ ಬೇಕು? ವಶಕ್ಕೆ ಕೊಡುವುದು ಮಾಸ್ಟರ್ ಪಾಸ್‌ವರ್ಡ್ ಮರೆಯುವ ಅಪ್ಪ-ಅಮ್ಮನ ಖಾತೆಗೆ ಚೆನ್ನಾಗಿ ಹೊಂದುತ್ತದೆ. ಮಗಳು ಹೊಸದನ್ನು ಇಟ್ಟು, ಅವರಿಗೆ ಹೇಳಿಕೊಟ್ಟರೆ ಆಯಿತು.

ಈ ದಾರಿಯ ದೊಡ್ಡ ಅನುಕೂಲವೆಂದರೆ, ಬರುವವರು ತಮ್ಮ ಬಾಗಿಲಿನಿಂದ ಬರುತ್ತಾರೆ. ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಅವರಿಗೆ ಬೇಡ, ನಿಮ್ಮ ಫೋನಿನ ಒಟಿಪಿಯೂ ಬೇಡ. ನಿಮ್ಮ ಪ್ಲಾನ್‌ನ ಹಣ ಕಟ್ಟುವುದು ನಿಂತುಹೋದರೂ ಮೊದಲೇ ದೃಢಪಡಿಸಿದವರು ಪ್ರವೇಶ ಕೇಳಬಹುದು. ಕಾರ್ಡ್ ಬ್ಲಾಕ್ ಆದ ಮನೆಗೆ ಇದು ಸಣ್ಣ ಸಮಾಧಾನವಲ್ಲ. ತೊಂದರೆಯೂ ಅದೇ ಬಾಗಿಲಿನಲ್ಲಿದೆ: ಅವರೇ ತಮ್ಮ ಮಾಸ್ಟರ್ ಪಾಸ್‌ವರ್ಡ್ ಮರೆತರೆ ಎಲ್ಲವೂ ವ್ಯರ್ಥ. ಆದ್ದರಿಂದ ಹೆಸರಿಗೆ ಒಂದು ಖಾತೆ ತೆರೆದು ಬಿಟ್ಟವರನ್ನು ಆರಿಸಬೇಡಿ. ಅದನ್ನು ದಿನಾ ಬಳಸುವವರನ್ನು ಆರಿಸಿ, ಇಲ್ಲವೇ ಬಳಸುವಂತೆ ಮಾಡಿ.

1ಪಾಸ್‌ವರ್ಡ್: ಕಾಗದ ಮತ್ತು ಕುಟುಂಬದ ದಾರಿ

1ಪಾಸ್‌ವರ್ಡ್ ಎಂಬ ಇನ್ನೊಂದು ಮ್ಯಾನೇಜರ್‌ನಲ್ಲಿ ಕಾಯುವ ಅವಧಿಯ ಈ ಏರ್ಪಾಡು ಇಲ್ಲ. ಅಲ್ಲಿ ಮಾಸ್ಟರ್ ಪಾಸ್‌ವರ್ಡ್ ಜೊತೆಗೆ 34 ಅಕ್ಷರ-ಅಂಕಿಗಳ ಒಂದು ಸೀಕ್ರೆಟ್ ಕೀ ಇರುತ್ತದೆ. ಹೊಸ ಸಾಧನದಲ್ಲಿ ತೆರೆಯಲು ಎರಡೂ ಬೇಕು. ಖಾತೆ ಮಾಡಿದಾಗ ಎಮರ್ಜೆನ್ಸಿ ಕಿಟ್ ಎಂಬ ಒಂದು ಪಿಡಿಎಫ್ ಸಿಗುತ್ತದೆ: ಲಾಗಿನ್ ವಿಳಾಸ, ಇಮೇಲ್, ಸೀಕ್ರೆಟ್ ಕೀ ಅಚ್ಚಾಗಿರುತ್ತವೆ, ಪಾಸ್‌ವರ್ಡ್ ಬರೆಯಲು ಖಾಲಿ ಜಾಗ ಇರುತ್ತದೆ. ಪ್ರಿಂಟ್ ತೆಗೆದು, ಕೈಯಿಂದ ಪಾಸ್‌ವರ್ಡ್ ಬರೆದು, ಬೀರುವಿನಲ್ಲಿ ಇಡುವುದು. ವಯಸ್ಸಾದವರಿಗೆ ಇದು ಬಹಳ ಚೆನ್ನಾಗಿ ಅರ್ಥವಾಗುತ್ತದೆ, ಜಮೀನಿನ ಪತ್ರ ಇಟ್ಟಂತೆ. ಐಸಿಯು ಪರೀಕ್ಷೆಯಲ್ಲೂ ಇದು ಎಲ್ಲಕ್ಕಿಂತ ಮುಂದೆ, ಅರ್ಧ ಗಂಟೆಯಲ್ಲಿ ಕೆಲಸ ಆಗುತ್ತದೆ. ಆದರೆ ಆ ಕಾಗದ ಯಾರ ಕೈಗೆ ಸಿಕ್ಕರೂ ಕಾಯುವ ಅವಧಿಯಿಲ್ಲ, ನಿಮಗೆ ಮೇಲ್ ನೋಡಿ ತಡೆಯುವ ಅವಕಾಶವೂ ಇಲ್ಲ. ಎರಡು ಹಂತದ ಲಾಗಿನ್ ಹಾಕಿದ್ದರೆ ಅದಕ್ಕೆ ಬೇಕಾದದ್ದನ್ನೂ ಅದೇ ಲಕೋಟೆಯಲ್ಲಿ ಇಡಬೇಕು, ಇಲ್ಲದಿದ್ದರೆ ಬೀಗದ ಕೈ ಸಿಕ್ಕಿದರೂ ಚಿಲಕ ತೆಗೆಯಲಾಗುವುದಿಲ್ಲ.

ಫ್ಯಾಮಿಲಿ ಪ್ಲಾನ್‌ನಲ್ಲಿ 5 ಜನ ಇರಬಹುದು. ಅವರಲ್ಲಿ ಆರ್ಗನೈಸರ್, ಅಂದರೆ ಪ್ಲಾನ್ ನೋಡಿಕೊಳ್ಳುವವರು, ಇನ್ನೊಬ್ಬರ ಖಾತೆಯನ್ನು ಮರಳಿ ಕೊಡಿಸಬಹುದು. ಇದನ್ನು ತುರ್ತು ಪ್ರವೇಶ ಎಂದು ತಪ್ಪು ತಿಳಿಯುವವರು ಬಹಳ. ಮರಳಿಸುವ ಲಿಂಕ್ ಹೋಗುವುದು ಖಾತೆಯವರದೇ ಮೇಲ್‌ಗೆ. ಭಾವನ ಮೇಲ್ ತೆರೆಯಲಾಗದ ಅಕ್ಕನಿಗೆ ಅದು ಅಲ್ಲಿಗೇ ನಿಲ್ಲುತ್ತಿತ್ತು. ಮರೆವಿಗೆ ಇದು ಅತ್ಯುತ್ತಮ ಮದ್ದು, ಪ್ರಜ್ಞೆ ತಪ್ಪಿದಾಗ ಅಲ್ಲ. ಇನ್ನೊಂದು ಮಾತು: ಮನೆಯಲ್ಲಿ ಆರ್ಗನೈಸರ್ ಒಬ್ಬರೇ ಇದ್ದು, ಆಸ್ಪತ್ರೆಯಲ್ಲಿರುವವರೂ ಅವರೇ ಆದರೆ? ಇಬ್ಬರನ್ನು ಮಾಡಿಡಿ.

ಫ್ಯಾಮಿಲಿ ಪ್ಲಾನ್‌ನ ನಿಜವಾದ ಲಾಭ ಹಂಚಿಕೊಂಡ ವಾಲ್ಟ್. ಹೆಸ್ಕಾಂ ಬಿಲ್, ಗ್ಯಾಸ್, ಬ್ರಾಡ್‌ಬ್ಯಾಂಡ್, ಮಕ್ಕಳ ಶಾಲೆಯ ಫೀಸಿನ ಲಾಗಿನ್, ಆರೋಗ್ಯ ವಿಮೆಯ ಕಾರ್ಡ್ ಯಾವುದೂ ಗುಟ್ಟಿನದಲ್ಲ. ಅವು ಇಬ್ಬರಿಗೂ ದಿನಾ ಕಾಣುವಂತೆ ಹಂಚಿದ ಜಾಗದಲ್ಲಿ ಇರಬೇಕು. ಭಾವನ ಇ-ಕಾರ್ಡ್ ಹೀಗಿದ್ದಿದ್ದರೆ ಅಕ್ಕನ ಬಳೆ ಅಡವಿಗೆ ಹೋಗುತ್ತಿರಲಿಲ್ಲ. ಬಿಟ್‌ವಾರ್ಡನ್‌ನಲ್ಲೂ ಹೀಗೆ ಹಂಚಬಹುದು. ಐಫೋನ್‌ನಲ್ಲಿ ಐಒಎಸ್ 17ರಿಂದ ಪಾಸ್‌ವರ್ಡ್‌ಗಳ ಹಂಚಿದ ಗುಂಪು ಮಾಡಬಹುದು.

ಆಪಲ್, ಗೂಗಲ್: ಹೆಸರು ನೋಡಿ ಮೋಸಹೋಗಬೇಡಿ

ಸತ್ತ ಮೇಲೆ ಖಾತೆ ನೋಡುವವರನ್ನು ಹೆಸರಿಸುವ ಆಪಲ್‌ನ ಲೆಗಸಿ ಕಾಂಟ್ಯಾಕ್ಟ್ 2021ರ ಡಿಸೆಂಬರ್‌ನಲ್ಲಿ ಐಒಎಸ್ 15.2 ಜೊತೆ ಬಂತು. 5 ಜನರನ್ನು ಹೆಸರಿಸಬಹುದು. ಅವರ ಹತ್ತಿರ ಒಂದು ಪ್ರವೇಶದ ಕೀ ಇರಬೇಕು, ಜೊತೆಗೆ ಮರಣ ಪ್ರಮಾಣಪತ್ರ ಕೊಡಬೇಕು. ಅಂದರೆ ಆಸ್ಪತ್ರೆಯಲ್ಲಿ ಮಲಗಿರುವವರಿಗೆ ಇದು ಇಲ್ಲವೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು, ಫೋಟೊ, ನೋಟ್ಸ್, ಮೆಸೇಜು ಎಲ್ಲ ಸಿಕ್ಕರೂ ಕೀಚೈನ್‌ನಲ್ಲಿ (ಆಪಲ್‌ನದೇ ಪಾಸ್‌ವರ್ಡ್ ಉಗ್ರಾಣ) ಉಳಿಸಿದ ಪಾಸ್‌ವರ್ಡ್‌ಗಳು ಸಿಗುವುದಿಲ್ಲ. ಎಲ್ಲವನ್ನೂ ಐಫೋನ್‌ನಲ್ಲೇ ಉಳಿಸಿ 'ಹೆಂಡತಿಯ ಹೆಸರು ಹಾಕಿದ್ದೇನೆ' ಎಂದು ನೆಮ್ಮದಿಯಾಗಿರುವ ಗೆಳೆಯರನ್ನು ಕಂಡಾಗಲೆಲ್ಲ ಕೈಹಿಡಿದು ಇದನ್ನು ಹೇಳುತ್ತೇನೆ.

ಗೂಗಲ್‌ನ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ 2013ರಿಂದ ಇದೆ. ಖಾತೆ 3, 6, 12 ಅಥವಾ 18 ತಿಂಗಳು ಮೌನವಾಗಿದ್ದರೆ, ನೀವು ಹೆಸರಿಸಿದ 10 ಜನರವರೆಗೆ ನೀವು ಆರಿಸಿದ ದತ್ತಾಂಶ ಸಿಗುತ್ತದೆ. ಅವರಿಗೆ ಸಿಗುವುದು ಇಳಿಸಿಕೊಳ್ಳುವ ಅವಕಾಶ, ಲಾಗಿನ್ ಅಲ್ಲ. ಅತಿ ಕಡಿಮೆ ಅವಧಿಯೇ 3 ತಿಂಗಳು. ಫೋಟೊ, ಮೇಲ್ ಉಳಿಸಿಕೊಳ್ಳಲು ಖಂಡಿತ ಹಾಕಿಡಿ, 2 ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬುದೂ ನೆನಪಿರಲಿ. ಪಾಸ್‌ವರ್ಡ್‌ಗೆ ಇದು ಬದಲಿಯಲ್ಲ.

ಉಳಿದವು

ಕೀಪರ್ ಎಂಬ ಮ್ಯಾನೇಜರ್‌ನಲ್ಲಿ 5 ಜನರವರೆಗೆ ಹೆಸರಿಸಬಹುದು, ಕಾಯುವ ಅವಧಿಯೂ ಇದೆ. ಲಾಸ್ಟ್‌ಪಾಸ್‌ನಲ್ಲೂ ಬಹಳ ಹಿಂದಿನಿಂದ ಈ ಸೌಲಭ್ಯ ಇದೆ. ಆದರೆ 2022ರಲ್ಲಿ ಗ್ರಾಹಕರ ವಾಲ್ಟ್‌ಗಳ ಬ್ಯಾಕಪ್ ಕಳುವಾಯಿತು, ಅದರಲ್ಲಿ ವೆಬ್‌ಸೈಟ್ ವಿಳಾಸಗಳು ಮುದ್ರೆಯಿಲ್ಲದೇ ಇದ್ದವು ಎಂದು ಕಂಪನಿಯೇ ಹೇಳಿದ ಮೇಲೆ ಹೊಸಬರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಕೀಪಾಸ್ ಬಳಸುವವರಿಗೆ ಸರ್ವರ್ ಇಲ್ಲ, ಇರುವುದು ಒಂದು ಫೈಲ್, ಹಾಗಾಗಿ ಕಾಯಿಸುವವರೂ ಯಾರೂ ಇಲ್ಲ. ಅವರಿಗೆ ಉಳಿಯುವುದು ಕಾಗದ.

ಲಕೋಟೆ, ಮತ್ತು ಹಂಚಿದ ಗುಟ್ಟು

ಕಾಗದವನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕಬೇಡಿ. ಮನೆಗೆ ಕಳ್ಳ ಬಂದರೆ ಚಿನ್ನ ಹುಡುಕುತ್ತಾನೆ, ಅಮ್ಮನ ರೇಷ್ಮೆ ಸೀರೆಗಳ ನಡುವಿನ ಲಕೋಟೆಯನ್ನಲ್ಲ. ಅಂಟಿಸಿದ ಜಾಗದ ಮೇಲೆ ಸಹಿ ಮಾಡಿ ಸೆಲ್ಲೊಟೇಪ್ ಹಾಕಿದರೆ ಯಾರಾದರೂ ಬಿಚ್ಚಿದ್ದು ತಿಳಿಯುತ್ತದೆ. ಬ್ಯಾಂಕ್ ಲಾಕರ್ ಎಂದು ಹಲವರು ಹೇಳುತ್ತಾರೆ. ನಿಮ್ಮೊಬ್ಬರ ಹೆಸರಿನ ಲಾಕರ್‌ನಲ್ಲಿ ಇರುವ ಒಂದೇ ಪ್ರತಿ ಇಟ್ಟರೆ, ಅದು ಬೇಕಾದ ದಿನವೇ ಅದನ್ನು ಯಾರೂ ತೆಗೆಯಲಾರರು. ಜಂಟಿ ಲಾಕರ್ ಆದರೆ ಸರಿ.

ಮಾಸ್ಟರ್ ಪಾಸ್‌ವರ್ಡ್‌ನ ಅರ್ಧ ಮಗನಿಗೆ, ಅರ್ಧ ಮಗಳಿಗೆ ಕೊಡುವ ಉಪಾಯ ಕೇಳಲು ಚೆನ್ನ, ಲೆಕ್ಕದಲ್ಲಿ ಕೆಟ್ಟದ್ದು. 7776 ಪದಗಳ ಪಟ್ಟಿಯಿಂದ ಆರು ಪದ ಎತ್ತಿ ಪಾಸ್‌ವರ್ಡ್ ಮಾಡಿದ್ದೀರಿ ಎಂದುಕೊಳ್ಳಿ. ಮೂರು ಪದ ಗೊತ್ತಿದ್ದವರಿಗೆ ಉಳಿದ ಮೂರಕ್ಕೆ ಸುಮಾರು 47 ಸಾವಿರ ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡದು, ಕಂಪ್ಯೂಟರಿಗೆ ಅಷ್ಟು ದೊಡ್ಡದಲ್ಲ. ಮೇಲಾಗಿ ಇಬ್ಬರಲ್ಲಿ ಒಬ್ಬರು ಚೀಟಿ ಕಳೆದರೆ ಎಲ್ಲವೂ ಹೋಯಿತು. ಇದಕ್ಕೆ ಸರಿಯಾದ ವಿಧಾನವನ್ನು ಗೂಢಲಿಪಿ ತಜ್ಞ ಆದಿ ಶಮೀರ್ 1979ರಲ್ಲೇ ಕೊಟ್ಟಿದ್ದಾರೆ. ಗುಟ್ಟನ್ನು ಮೂರು ಪಾಲು ಮಾಡಿ, ಯಾವ ಎರಡು ಸೇರಿದರೂ ತೆರೆಯುವಂತೆ ಇಡಬಹುದು, ಒಂದೇ ಪಾಲಿನಿಂದ ಎಳ್ಳಷ್ಟೂ ತಿಳಿಯುವುದಿಲ್ಲ. ಸೊಗಸಾದ ಗಣಿತ. ಆದರೆ ಸಂಕಟದಲ್ಲಿರುವ ಮನೆಯವರು ಪಾಲುಗಳನ್ನು ಸೇರಿಸಲು ಒಂದು ಪ್ರೋಗ್ರಾಂ ನಡೆಸಬೇಕು. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಇಬ್ಬರಾದರೂ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಸಿಮ್ ಇಲ್ಲದ ಪಾಸ್‌ವರ್ಡ್

ನಮ್ಮ ದೇಶದಲ್ಲಿ ಪಾಸ್‌ವರ್ಡ್ ಅರ್ಧ ಮಾತ್ರ, ಉಳಿದರ್ಧ ಒಟಿಪಿ. ಫೋನಿನ ಪಿನ್ ವಾಲ್ಟ್‌ನ ಒಂದು ನೋಟ್‌ನಲ್ಲಿ ಇಲ್ಲದಿದ್ದರೆ ಮೇಲಿನ ಯಾವ ದಾರಿಯೂ ಪೂರ್ತಿಯಾಗುವುದಿಲ್ಲ. ಪ್ರೀಪೇಯ್ಡ್ ಸಿಮ್ 90 ದಿನ ಬಳಕೆಯಿಲ್ಲದೆ, ಕನಿಷ್ಠ ಬ್ಯಾಲೆನ್ಸೂ ಇಲ್ಲದೆ ಬಿದ್ದಿದ್ದರೆ ಕಂಪನಿ ಅದನ್ನು ಮುಚ್ಚಬಹುದು, ಆಮೇಲೆ ಆ ನಂಬರ್ ಬೇರೆಯವರಿಗೆ ಹೋಗಬಹುದು. 90 ದಿನದ ಕಾಯುವ ಅವಧಿ ಇಟ್ಟವರ ವಾಲ್ಟ್ ತೆರೆಯುವ ಹೊತ್ತಿಗೆ ಸಿಮ್ಮೇ ಸತ್ತಿರಬಹುದು. ಊರಿನಲ್ಲಿ ಅಪ್ಪ-ಅಮ್ಮ, ತಾವು ನ್ಯೂಜೆರ್ಸಿಯಲ್ಲೋ ದುಬೈಯಲ್ಲೋ ಇರುವವರು ಇದನ್ನು ಮೊದಲು ಸರಿಮಾಡಿಕೊಳ್ಳಿ: ವಾಲ್ಟ್ ನಿಮಗೆ ಅಲ್ಲಿಂದಲೇ ಕಂಡರೂ ಒಟಿಪಿ ಬರುವುದು ದಾವಣಗೆರೆಯ ಮನೆಯ ಟೀಪಾಯಿ ಮೇಲಿನ ಫೋನಿಗೆ. ನೋಡಲು ದೂರದ ನೀವು, ಫೋನ್ ಎತ್ತಲು ಊರಿನಲ್ಲೇ ಇರುವ ಒಬ್ಬರು, ಹೀಗೆ ಇಬ್ಬರು ಬೇಕು.

ಬ್ಯಾಂಕಿನ ವಿಷಯದಲ್ಲಿ ಒಂದು ಗೆರೆ ದಾಟಬೇಡಿ. ಖಾತೆದಾರ ತೀರಿಕೊಂಡ ಮೇಲೆ ಅವರ ಪಾಸ್‌ವರ್ಡ್‌ನಿಂದಲೋ ಯುಪಿಐ ಪಿನ್‌ನಿಂದಲೋ ಹಣ ತೆಗೆಯುವುದು ತಪ್ಪು, ಆಮೇಲೆ ವಾರಸುದಾರರ ನಡುವೆ ಜಗಳಕ್ಕೂ ದಾರಿ. ಅದಕ್ಕಿರುವುದು ನಾಮಿನಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ವಾಲ್ಟ್‌ನ ಕೆಲಸ ಯಾವ ಯಾವ ಬ್ಯಾಂಕಿನಲ್ಲಿ ಖಾತೆ ಇದೆ ಎಂದು ಮನೆಯವರಿಗೆ ತಿಳಿಸುವುದು. ಅದು ತಿಳಿಯದೆ 10 ವರ್ಷ ಬಿದ್ದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತವೆ. ಅಂಥವನ್ನು ಹುಡುಕಲೆಂದೇ 2023ರಲ್ಲಿ ಉದ್ಗಮ್ ಪೋರ್ಟಲ್ ತೆರೆಯಬೇಕಾಯಿತು.

ಯಾರಿಗೆ ಯಾವುದು

ಆಸ್ಪತ್ರೆಯ ಹೊತ್ತಿನ ಭಯವಿರುವ, ಇಬ್ಬರೂ ಫೋನ್ ಚೆನ್ನಾಗಿ ಬಳಸುವ ಮನೆಗೆ ಬಿಟ್‌ವಾರ್ಡನ್, ನೋಡುವ ಪ್ರವೇಶ, 2 ದಿನ. ಜೊತೆಗೆ ಬೇರೆ ಮನೆಯ ಒಬ್ಬರಿಗೆ 7 ದಿನ, ಏಕೆಂದರೆ ಗಂಡ-ಹೆಂಡತಿ ಒಂದೇ ಕಾರಿನಲ್ಲಿ ಹೋಗುತ್ತಾರೆ. ಅಪ್ಪ-ಅಮ್ಮ, ಮಕ್ಕಳು ಎಲ್ಲ ಸೇರಿ ಒಂದೇ ಪ್ಲಾನ್ ಬಯಸುವ ಮನೆಗೆ 1ಪಾಸ್‌ವರ್ಡ್ ಫ್ಯಾಮಿಲಿ, ಇಬ್ಬರು ಆರ್ಗನೈಸರ್, ಬೀರುವಿನಲ್ಲಿ ಕಿಟ್. ಒಂಟಿಯಾಗಿ ಇರುವವರು ಇಬ್ಬರು ಗೆಳೆಯರಿಗೆ 7 ದಿನದ ಪ್ರವೇಶ ಕೊಟ್ಟು, ಅದನ್ನು ಅವರಿಬ್ಬರಿಗೂ ತಿಳಿಸಿಡಲಿ. ಸಂಬಂಧ ಹಳಸಿದ್ದರೆ, ಮನೆಯೊಳಗೆ ಹೆದರಿಕೆ ಇದ್ದರೆ, ಲಕೋಟೆ ಬೇಡವೇ ಬೇಡ. ಮನೆಯ ಹೊರಗಿನವರೊಬ್ಬರಿಗೆ ಉದ್ದ ಅವಧಿ ಇಟ್ಟು ಕೊಡಿ, ಹಳೆಯ ಹೆಸರುಗಳನ್ನು ಇವತ್ತೇ ತೆಗೆಯಿರಿ.

ಯಾವುದನ್ನು ಆರಿಸಿದರೂ ಒಮ್ಮೆ ನಡೆಸಿ ನೋಡಿ. ಐದು ಪದ ಕೂಡಿಬಂದ ವಾರ, ಒಂದು ಭಾನುವಾರ ಅಕ್ಕನಿಗೆ ಹೇಗೆಂದು ಹೇಳಿಕೊಡದೆಯೇ 'ಈಗ ಪ್ರವೇಶ ಕೇಳು' ಎಂದೆ. ಫೋನಿನ ಆ್ಯಪ್‌ನಲ್ಲಿ ಹುಡುಕಿ ಹುಡುಕಿ ಸೋತಳು. ಅದು ಇರುವುದು ಬಿಟ್‌ವಾರ್ಡನ್‌ನ ವೆಬ್‌ಸೈಟಿನ ಸೆಟ್ಟಿಂಗ್ಸ್‌ನಲ್ಲಿ. ಸಿಕ್ಕ ಮೇಲೆ ಒತ್ತಿದಳು, ನನಗೆ ಮೇಲ್ ಬಂತು, ಬಂದದ್ದು ಪ್ರಮೋಷನ್ಸ್ ಪಟ್ಟಿಯ ಒಳಗೆ. ಅದನ್ನು ಮುಖ್ಯ ಇನ್‌ಬಾಕ್ಸ್‌ಗೆ ಬರುವಂತೆ ಮಾಡಿ, ಅವಳ ಕೋರಿಕೆಯನ್ನು ತಿರಸ್ಕರಿಸಿದೆ. ಅವಳು ಆ ವೆಬ್ ವಿಳಾಸವನ್ನೂ ಒತ್ತಬೇಕಾದ ಜಾಗವನ್ನೂ ಒಂದು ಚೀಟಿಯಲ್ಲಿ ಬರೆದು, ಭಾವನ ಹೊಸ ವಿಮಾ ಕಾರ್ಡಿನ ಜೊತೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾಳೆ.